ಕಚ್ಚಿಕೊಂಡ ಇಕ್ಕಳಗಳು

ಬಾಗಿಲು ನಾಲ್ಕು ಬೆರಳಿನಷ್ಟೇ ತೆರೆಯಿತು. ಸಂದಿಯಿಂದ ಮೊದಲು ಹೊರಬಂದದ್ದು ಮುಖವಲ್ಲ, ಬೇಟೆ ಬಂದೂಕಿನ ನಳಿಗೆ.

"ಇನ್ನೊಂದ್ ಹೆಜ್ಜೆ ಇಟ್ಟೆ ಅಂದ್ರೆ ಮಂಡಿಗೆ ಹೊಡೀತೀನಿ," ಎಂದಳು ಒಳಗಿನಿಂದ ಐಲಿ ಸಾಲ್ಮೆಲಾ.

"ಮಂಡಿಗೆ ಹೊಡೆದು ಏನೂ ಪ್ರಯೋಜನ ಇಲ್ಲ. ಎರಡೂ ಆಗ್ಲೇ ಕೆಟ್ಟಿವೆ," ಎಂದಳು ಡಿಟೆಕ್ಟಿವ್ ಸಾರ್ಜೆಂಟ್ ವಿಲ್ಮಾ ನಬಿಗಾನ್. "ಪೊಲೀಸು. ಬಂದೂಕು ಇಳಿಸಿ."

"ಪೊಲೀಸಾ? ಹಾಗಾದ್ರೆ ಸ್ವಲ್ಪ ಮೇಲಕ್ಕೆ ಹೊಡೀತೀನಿ."

ನಳಿಗೆ ಇಳಿಯಲಿಲ್ಲ. ವಿಲ್ಮಾ ಮೆಟ್ಟಿಲಿನಿಂದ ಕದಲಲೂ ಇಲ್ಲ. ಬಾಗಿಲಿಗೆ ಯಾರೋ ಮೀನಿನ ಕರುಳು ಎರಚಿ ಹೋಗಿದ್ದರು. ಚಳಿಗೆ ಅದು ಮರಕ್ಕೆ ಅಂಟಿಕೊಂಡು ಗಟ್ಟಿಯಾಗಿತ್ತು. ಮುಂದಿನ ಕಿಟಕಿಯಲ್ಲಿ ಗಾಜಿನ ಬದಲು ರಟ್ಟು ಇತ್ತು. ಆ ರಟ್ಟನ್ನೂ ಬಿಟ್ಟಿರಲಿಲ್ಲ, ಕೆಂಪು ಬಣ್ಣದಲ್ಲಿ ಬರೆದಿದ್ದರು: ಕೊಲೆಗಾತಿ.

ಪೈಕ್ ಹಾರ್ಬರ್‌ನಲ್ಲಿ ಎರಡು ವಾರದಿಂದ ಬೇರೆ ಮಾತೇ ಇರಲಿಲ್ಲ. ಕಾಗದ ಗಿರಣಿಯ ಕಾರ್ಮಿಕ ಮುಖಂಡ ಲಾಯ್ಡ್ ಹ್ರಿಂಚುಕ್ ಮಾಮೂಲಿ ಹರ್ನಿಯಾ ಆಪರೇಷನ್‌ಗೆ ನಡೆದುಕೊಂಡೇ ಆಸ್ಪತ್ರೆಗೆ ಹೋದವನು ಮೂರನೇ ದಿನ ಹೊಟ್ಟೆ ಕಪ್ಪಾಗಿ ಸತ್ತ. ಅವನ ಹೊಟ್ಟೆಯೊಳಗೆ ಇಳಿದ ಸಲಕರಣೆಗಳನ್ನು ತೊಳೆದು, ಹಬೆಯಲ್ಲಿ ಬೇಯಿಸಿ ಕೊಡುವ ಕೆಲಸ ಐಲಿಯದು. ಟ್ರೇಗೆ ಅಂಟಿಸಿದ ಚೀಟಿಯ ಮೇಲಿದ್ದದ್ದು ಅವಳ ಹೆಸರಿನ ಮೊದಲಕ್ಷರಗಳು.

ಲಾಯ್ಡ್ ಊರಿನ ಅರ್ಧ ಮಕ್ಕಳಿಗೆ ಐಸ್ ಹಾಕಿ ಆಟ ಕಲಿಸಿದವನು. ಗಿರಣಿ ಮುಚ್ಚುತ್ತೇವೆ ಎಂದು ಬಂದ ಸಾಹೇಬರನ್ನು ಬಂದ ದಾರಿಗೇ ಕಳಿಸಿದವನು. ಐಲಿಯಾದರೋ ಅಕ್ಕಪಕ್ಕದ ಮನೆಯವರು, ಆಸ್ಪತ್ರೆ, ಚರ್ಚು ಯಾವುದನ್ನೂ ಬಿಡದೆ ಜಗಳವಾಡಿದವಳು. ಊರು ಯಾರ ಕಡೆ ನಿಂತಿತು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ವಿಲ್ಮಾ ಕೋಟಿನೊಳಗಿಂದ ಒಂದು ಫೋಟೋ ತೆಗೆದು ಸಂದಿಯ ಮುಂದೆ ಹಿಡಿದಳು.

"ಇದನ್ನ ನೋಡಿ. ಆಮೇಲೆ ಹೊಡೀರಿ."

ನಳಿಗೆಯ ಪಕ್ಕದಲ್ಲಿ ಒಂದು ನೀಲಿ ಕಣ್ಣು ಕಾಣಿಸಿತು.

ಫೋಟೋದಲ್ಲಿ ಇದ್ದದ್ದು ಬಿಚ್ಚಿದ ಒಂದು ಟ್ರೇ. ಲಾಯ್ಡ್‌ಗೆ ಬಳಸಿದ್ದಲ್ಲ, ಅದರ ಜೊತೆಯದು. ಅದೇ ದಿನ, ಅದೇ ಹಬೆಯಲ್ಲಿ ಬೆಂದು, ಸುತ್ತಿದ ನೀಲಿ ಹೊದಿಕೆಯಲ್ಲೇ ಕೆಳಗಿನ ಶೆಲ್ಫಿನ ಮೂಲೆಯಲ್ಲಿ ಕೂತಿದ್ದದ್ದು. ವಿಲ್ಮಾ ಅದನ್ನು ಹಾಗೆಯೇ ಥಂಡರ್ ಬೇಯ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಅವರು ಬಿಚ್ಚಿ, ಫೋಟೋ ತೆಗೆದು ಕಳಿಸಿದ್ದರು.

"ಯಾವ ಮುಠ್ಠಾಳ ಜೋಡಿಸಿದ್ದು ಇದನ್ನ?" ಎಂದಳು ಐಲಿ.

"ಚೀಟಿ ಮೇಲೆ ನಿಮ್ಮ ಅಕ್ಷರ ಇದೆ."

"ಚೀಟಿ ಒತ್ತೋ ಮಿಷನ್ನು ಗೋಡೆಗೆ ನೇತಾಡ್ತಿರುತ್ತೆ, ಯಾರು ಒತ್ತಿದ್ರೂ ನನ್ನ ಅಕ್ಷರಾನೇ ಬರೋದು. ಇಕ್ಕಳ ನೋಡು. ಎಲ್ಲಾ ಕಚ್ಚಿಕೊಂಡಿವೆ."

"ಕಂಡೆ."

"ಕಂಡ್ಯಾ? ಏನ್ ಕಂಡೆ?"

"ನಾನು ಹತ್ತು ವರ್ಷ ಸೈನ್ಯದ ಆಸ್ಪತ್ರೇಲಿ ಇದ್ದೆ, ಐಲಿ. ಇಕ್ಕಳದ ಬಾಯಿ ತೆರೆದಿಟ್ರೆ ಮಾತ್ರ ಹಬೆ ಕೀಲಿನೊಳಗೆ ಹೋಗುತ್ತೆ ಅಂತ ನನಗೂ ಗೊತ್ತು."

"ಹಾಗಾದ್ರೆ ನನ್ನನ್ನ ಪರೀಕ್ಷೆ ಮಾಡೋಕೆ ಬಂದ್ಯಾ? ಫೋಟೋ ತೋರ್ಸಿ ಮುಖ ನೋಡ್ತಾ ನಿಂತಿದ್ಯಾ?" ಬಾಗಿಲು ಪೂರ್ತಿ ತೆರೆಯಿತು. ಐಲಿ ಎತ್ತರದ ಹೆಂಗಸು. ಅರವತ್ತರ ಹತ್ತಿರ, ಬಿಳಿ ಕೂದಲು, ಕೈಗಳ ಚರ್ಮ ಸೋಪಿಗೆ ಒಡೆದು ಕೆಂಪಾಗಿತ್ತು. ಬಂದೂಕನ್ನು ಕೊಡೆಯ ಹಾಗೆ ಗೋಡೆಗೆ ಒರಗಿಸಿದಳು. "ಪಾಸಾದೆನಾ, ಪೊಲೀಸಮ್ಮ?"

"ಆ ದಿನ ಬೆಳಿಗ್ಗೆ ಏನಾಯ್ತು?"

"ನಾನು ಬಂದಾಗ ಯಂತ್ರ ಬಿಸಿ ಇತ್ತು. ಯಾರೋ ನನಗಿಂತ ಮುಂಚೆ ಬಂದು ಓಡಿಸಿದ್ರು. ಕೋಟು ಬಿಚ್ಚೋದ್ರೊಳಗೆ ಒಂದು ಟ್ರೇ ಲಿಫ್ಟಲ್ಲಿ ಮೇಲಕ್ಕೆ ಹೋಗಿತ್ತು. ಇನ್ನೊಂದು ಅಲ್ಲೇ ಇತ್ತು. ಎತ್ತಿ ಕೆಳಗಿನ ಶೆಲ್ಫಿಗೆ ಹಾಕ್ದೆ, ಯಾರೂ ಮುಟ್ಟದ ಹಾಗೆ. ಆಮೇಲೆ ಜಗಳ ಆಡೋಕೆ ಪುರಾವೆ ಬೇಕಲ್ಲ."

"ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರು ಕೇಳಿದ್ರು?" ಎಂದಳು ಐಲಿ. "ನೀನು ಕೇಳಿದ್ಯಾ? ಮನೆಗೆ ಹೋಗು ಅಂದ್ರು, ಬಂದೆ. ಕಿಟಕಿ ಒಡೆದ್ರು, ರಟ್ಟು ಹಾಕ್ದೆ. ಈ ಊರಿಗೆ ನಾನೇ ಬೇಕಿತ್ತು ಅಂದ್ರೆ ಇಟ್ಕೊಳ್ಲಿ."

"ಆ ಕೋಣೆಯ ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ. ಆಪರೇಷನ್ ಥಿಯೇಟರಿನ ಹೆಡ್ ನರ್ಸ್ ರೋಸನ್ನಾ ಹತ್ರ. ಆಮೇಲೆ ಆ ಸರ್ಜನ್ ಮೆಕ್‌ಅರ್ಡಲ್. ಕೀಲಿ ಕೊಡದೆ ಇದ್ರೆ ಅವನ ಮರ್ಯಾದೆಗೆ ಕಮ್ಮಿ ಅಂತ ಮಾಡಿಸ್ಕೊಂಡ. ಅವನೇ ಮಾಡಿರೋದು. ಬರೆದಿಟ್ಕೋ."

"ಕೋಟು ಹಾಕ್ಕೊಳ್ಳಿ. ಆಸ್ಪತ್ರೆಗೆ ಹೋಗ್ಬೇಕು."

"ಅಲ್ಲಿಗಾ? ನನ್ನನ್ನ ಚಚ್ಚಿ ಸಾಯಿಸ್ತಾರೆ."

"ನನ್ನ ಜೊತೆ ಬಂದ್ರೆ ಇಬ್ರಿಗೂ ಹಂಚಿ ಬೀಳುತ್ತೆ."

ಐಲಿ ಒಂದು ಕ್ಷಣ ಅವಳನ್ನೇ ನೋಡಿ, ಬೈಗುಳವೊಂದನ್ನು ಫಿನ್ನಿಶ್ ಭಾಷೆಯಲ್ಲಿ ಉಗುಳಿ, ಬೂಟಿಗೆ ಕೈ ಹಾಕಿದಳು.

ಆಸ್ಪತ್ರೆಯ ಮುಂಬಾಗಿಲಲ್ಲಿ ಗಿರಣಿಯ ಗಂಡಸರು ಐದಾರು ಜನ ಕಾಫಿ ಲೋಟ ಹಿಡಿದು ನಿಂತಿದ್ದರು. ಎಲ್ಲರ ತೋಳಿಗೂ ಕಪ್ಪು ಪಟ್ಟಿ. ಅವರ ಮುಂದೆ ಲಾಯ್ಡ್‌ನ ತಮ್ಮ ಟೆರಿ. ಐಲಿ ಕಾರಿನಿಂದ ಇಳಿದದ್ದೇ ತಡ, ಅವಳ ಬೂಟಿನ ಮುಂದೆ ಉಗಿದ.

"ಮುಂದಿನ ಸಲ ಬಾಯೊಳಗೆ," ಎಂದ.

"ನಿಮ್ಮಣ್ಣನಿಗೆ ಗುರಿ ಇತ್ತು. ನಿನಗೆ ಅದೂ ಇಲ್ಲ," ಎಂದಳು ಐಲಿ.

ಅವನು ಮುನ್ನುಗ್ಗಿದ. ವಿಲ್ಮಾ ನಡುವೆ ನಿಂತಳು. ಅವಳ ತಲೆ ಅವನ ಗಲ್ಲಕ್ಕೂ ಬರುತ್ತಿರಲಿಲ್ಲ.

"ದಾರಿ ಬಿಡು, ಟೆರಿ."

"ಕೊಲೆಗಾತೀನ ಕಾರಲ್ಲಿ ಕೂರಿಸ್ಕೊಂಡು ಸುತ್ತಾಡಿಸ್ತಿದೀಯಾ? ನಿಮ್ಮ ಮೂಲನಿವಾಸಿಗಳ ರಿಸರ್ವಿನವನು ಯಾರಾದ್ರೂ ಸತ್ತಿದ್ರೆ ಇಷ್ಟೊತ್ತಿಗೆ ಒಬ್ಬರನ್ನ ಒಳಗೆ ಹಾಕಿರ್ತಿದ್ದೆ, ಅಲ್ವಾ?"

"ನಮ್ಮೋರು ಸತ್ರೆ ಪೊಲೀಸ್ ಬರೋದೇ ಅಪರೂಪ," ಎಂದಳು ವಿಲ್ಮಾ. "ಅದಕ್ಕೇ ನಾನು ಪೊಲೀಸಾದೆ. ದಾರಿ ಬಿಡು."

ಅವನು ಬಿಟ್ಟ. ಆದರೆ ಪೂರ್ತಿ ಬಿಡಲಿಲ್ಲ. ಐಲಿ ಹಾದುಹೋಗುವಾಗ ಅವನ ಭುಜ ಅವಳಿಗೆ ಬಡಿಯುವಷ್ಟೇ ಬಿಟ್ಟ.

ಸಲಕರಣೆ ತೊಳೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಒಂದು ಕಡೆ ಕೊಳೆ ಬಂದು ಬೀಳುವ ಸಿಂಕು, ಬ್ರಷ್ಷುಗಳು, ನೊರೆಯ ವಾಸನೆ. ಇನ್ನೊಂದು ಕಡೆ ಸ್ಟೀಲಿನ ಮೇಜು, ನೀಲಿ ಹೊದಿಕೆಯ ಸುರುಳಿಗಳು, ಗೋಡೆಯೊಳಗೆ ಹೂತ ಹಬೆಯ ಯಂತ್ರ, ಆಟೋಕ್ಲೇವ್. ಎರಡರ ನಡುವೆ ನೆಲದ ಮೇಲೆ ದಪ್ಪ ಕೆಂಪು ಗೆರೆ. ಐಲಿ ಒಳಗೆ ಬಂದವಳೇ ವಿಲ್ಮಾ ಹೇಳಿಕಳಿಸಿದ್ದಕ್ಕೆ ಬಂದು ಗೆರೆಯ ಆಚೆ ನಿಂತಿದ್ದ ಡಾಕ್ಟರ ಕಾಲು ನೋಡಿದಳು.

"ಹೊರಗಿನ ಬೂಟು ಹಾಕ್ಕೊಂಡು ಚೊಕ್ಕ ಕಡೆ ನಿಂತಿದಾನೆ. ಹಂದಿ."

"ಇವಳನ್ನ ಇಲ್ಲಿಗೆ ಕರೆತರೋ ಅಧಿಕಾರ ನಿಮಗೆ ಯಾರು ಕೊಟ್ರು?" ಡಾ. ಕಾಲಿನ್ ಮೆಕ್‌ಅರ್ಡಲ್ ಐಲಿಯನ್ನು ನೋಡದೆ ವಿಲ್ಮಾಳನ್ನು ಕೇಳಿದರು. ಉದ್ದನೆಯ ಮುಖ, ದುಬಾರಿ ಸ್ವೆಟರ್. "ಇವಳು ಅಮಾನತಿನಲ್ಲಿ ಇದಾಳೆ."

"ನಾನು ಕೊಟ್ಟೆ."

"ನಮ್ಮ ವಕೀಲರಿಗೆ ಫೋನ್ ಮಾಡ್ತೀನಿ."

"ಮಾಡಿ. ಅವರಿಗೂ ಕೂರೋಕೆ ಕುರ್ಚಿ ಇದೆ."

ಮೇಜಿನ ಹತ್ತಿರ ರೋಸನ್ನಾ ಬೆವಿಲಾಕ್ವಾ ಕೈ ಕಟ್ಟಿಕೊಂಡು ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಕೂದಲಿನ ಒಂದೆಳೆಯೂ ಆಚೀಚೆ ಇಲ್ಲ, ಕೊರಳಲ್ಲಿ ಚಿಕ್ಕ ಚಿನ್ನದ ಶಿಲುಬೆ. ಲಾಯ್ಡ್‌ನನ್ನು ಮಣ್ಣು ಮಾಡಿದ ದಿನ ಮೊದಲ ಸಾಲಿನಲ್ಲಿ ಕುಳಿತು ಅತ್ತವಳು. "ಬೇಗ ಮುಗಿಸಿ," ಎಂದಳು. "ಮೇಲೆ ಪೇಷಂಟುಗಳು ಕಾಯ್ತಿದಾರೆ. ಈ ಹೆಂಗಸಿನ ಜೊತೆ ಒಂದೇ ಗಾಳಿ ಉಸಿರಾಡೋಕೆ ನನಗೆ ಆಗಲ್ಲ."

"ಉಸಿರಾಡ್ಬೇಡ. ಯಾರು ಬೇಡ್ಕೊಂಡ್ರು?" ಎಂದಳು ಐಲಿ.

ವಿಲ್ಮಾ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಒಂದರಲ್ಲಿ ಪೂರ್ತಿ ಟ್ರೇ. ಇನ್ನೊಂದರಲ್ಲಿ ಒಂದೇ ಇಕ್ಕಳ, ಬಹಳ ಹತ್ತಿರದಿಂದ. ಮೂರನೆಯದರಲ್ಲಿ ಆ ಇಕ್ಕಳದ ಕೀಲು ಬಿಚ್ಚಿ ತೆಗೆದದ್ದು. ಕೀಲಿನ ಒಳಮೈಗೆ ಕಂದು ಬಣ್ಣದ ಹಕ್ಕಳೆ ಅಂಟಿತ್ತು. ಅದರೊಳಗೆ ಎಳೆಯೊಂದು ಸಿಕ್ಕಿಕೊಂಡಿತ್ತು, ಕೂದಲಿಗಿಂತ ಸಣ್ಣದು, ಕಪ್ಪು ಹಸಿರು.

"ಕಂದು ಬಣ್ಣದ್ದು ರಕ್ತ," ಎಂದಳು. "ಹಸಿರು ಎಳೆ ಪಾಚಿ. ಜೌಗು ನೆಲದಲ್ಲಿ ಬೆಳೆಯೋ ಪಾಚಿ. ಲಾಯ್ಡ್‌ನ ಕೊಂದದ್ದು ಮಾಂಸ ಕೊಳೆಸೋ ಗ್ಯಾಸ್ ಗ್ಯಾಂಗ್ರೀನ್. ಅದರ ಕ್ರಿಮಿ ಮಣ್ಣಲ್ಲಿ ಇರುತ್ತೆ. ಇಷ್ಟು ದಿನ ನಾನು ಕೇಳ್ತಾ ಇದ್ದದ್ದು ಒಂದೇ ಪ್ರಶ್ನೆ. ಆಸ್ಪತ್ರೆಯ ಒಳಗೆ ಮಣ್ಣು ಎಲ್ಲಿಂದ ಬಂತು?"

ಡಾಕ್ಟರು ಬಗ್ಗಿ ನೋಡಿದರು. ನೋಡಿ ನೆಟ್ಟಗಾದರು.

"ಇದೇ ಸಾಕಲ್ಲ! ಇವಳು ತೊಳೆದೇ ಇಲ್ಲ. ನಾನು ಮೊದಲ ದಿನದಿಂದ ಹೇಳ್ತಿದೀನಿ."

"ತೊಳೆಯದೆ ಇರೋದು ಬೇರೆ, ಡಾಕ್ಟ್ರೇ. ಆಸ್ಪತ್ರೆಯ ಇಕ್ಕಳಕ್ಕೆ ಜೌಗಿನ ಪಾಚಿ ಹತ್ತೋದು ಬೇರೆ. ಈ ಟ್ರೇಗಳು ಹೊರಗೆ ಹೋಗಿದ್ವು. ಕಾಡಿಗೆ. ಅಲ್ಲಿ ಯಾರದೋ ಮೈ ಕೊಯ್ದು, ವಾಪಸ್ ಬಂದ್ವು."

ಆಟೋಕ್ಲೇವಿನ ಒಳಗೆಲ್ಲೋ ನೀರು ಹನಿಯುವ ಸದ್ದು.

"ನಿಮ್ಮ ಹತ್ರ ಕೀಲಿ ಇದೆ," ಎಂದಳು ವಿಲ್ಮಾ ಡಾಕ್ಟರಿಗೆ.

"ಇದೆ. ಆಪರೇಷನ್ನಿಗೆ ಮುಂಚಿನ ವಾರಾಂತ್ಯ ಪೂರ್ತಿ ನಾನು ವಿನ್ನಿಪೆಗ್‌ನಲ್ಲಿ ಇದ್ದೆ. ಮಗಳ ಮದುವೆ. ನೀವೇ ವಿಚಾರಿಸಿದೀರಿ. ಸೋಮವಾರ ವಿಮಾನ ಇಳಿದು ಸೀದಾ ಥಿಯೇಟರಿಗೆ ಬಂದೆ." ಅವರ ದನಿ ತೆಳ್ಳಗಾಯಿತು. "ಇನ್ನು ಈ ಕೋಣೆಯಲ್ಲಿ ಸಿಂಕಿನ ನಲ್ಲಿ ಯಾವ ಕಡೆ ತಿರುಗುತ್ತೆ ಅಂತಾನೂ ನನಗೆ ಗೊತ್ತಿಲ್ಲ."

"ಅದೊಂದು ನಿಜ," ಎಂದಳು ಐಲಿ.

"ನೀನು ಬಾಯಿ ಮುಚ್ಚು! ನಿನ್ನಿಂದ ನನ್ನ ಟೇಬಲ್ ಮೇಲೆ ಮನುಷ್ಯ ಸತ್ತ!"

"ನಿನ್ನ ಟೇಬಲ್ ಮೇಲೆ ಯಾರೂ ಸಾಯಲ್ಲ, ಕಾಲಿನ್. ವಾರ್ಡಿಗೆ ಕಳಿಸಿ ಅಲ್ಲಿ ಸಾಯಿಸ್ತೀಯ."

ಡಾಕ್ಟರು ಬೆರಳು ಚಾಚಿ ಮುಂದೆ ಬಂದರು. ಐಲಿಯೂ ಬಂದಳು. ಇಬ್ಬರನ್ನೂ ತಡೆಯುವವಳಂತೆ ವಿಲ್ಮಾ ಮೇಜಿನ ಕಡೆ ಸರಿದಳು. ಅವಳ ಮೊಣಕೈ ತಗುಲಿ ಮೇಜಿನ ಅಂಚಿನಲ್ಲಿದ್ದ ಟ್ರೇ ಮಗುಚಿತು. ಕತ್ತರಿ, ಚಿಮ್ಮಟ, ಇಕ್ಕಳಗಳೆಲ್ಲ ಸ್ಟೀಲಿನ ಮೇಲೆ ಚೆಲ್ಲಿ, ಕೆಲವು ಜಾರಿ ನೆಲಕ್ಕೂ ಬಿದ್ದವು. ಇಡೀ ನೆಲಮಾಳಿಗೆ ಗಣಗಣ ಎಂದಿತು.

ಡಾಕ್ಟರು ಬೂಟು ಹಿಂದೆಳೆದುಕೊಂಡು ಅಲ್ಲೇ ನಿಂತರು.

ಐಲಿ ನಿಂತಲ್ಲಿಂದಲೇ ಬೈದಳು. "ಕಣ್ಣಿಲ್ವಾ ನಿನಗೆ? ಎಲ್ಲಾ ಮತ್ತೆ ತೊಳೀಬೇಕು ಈಗ!"

ರೋಸನ್ನಾ ಬಗ್ಗಿದಳು. ಮೂವತ್ತು ವರ್ಷ ಥಿಯೇಟರಿನಲ್ಲಿ ನಿಂತ ಕೈಗಳು. ಕಣ್ಣು ಬೇರೆಲ್ಲೋ ಇದ್ದರೂ ಕೈಗಳು ತಮ್ಮ ಪಾಡಿಗೆ ತಾವು ಹೆಕ್ಕುತ್ತಿದ್ದವು. ಒಂದು ಇಕ್ಕಳ ಎತ್ತಿದಳು, ಬೆರಳು ಮಡಿಸಿದಳು. ಟಿಕ್. ಪಕ್ಕಕ್ಕೆ ಇಟ್ಟಳು. ಇನ್ನೊಂದು. ಟಿಕ್. ಇನ್ನೊಂದು. ಟಿಕ್.

ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ, ಬಾಯಿ ಕಚ್ಚಿಕೊಂಡು ಕುಳಿತವು.

ಸದ್ದು ಯಾಕೆ ಅಡಗಿತು ಎಂದು ಅವಳಿಗೆ ಮೊದಲು ತಿಳಿಯಲಿಲ್ಲ. ತಲೆ ಎತ್ತಿದಾಗ ವಿಲ್ಮಾ ಅವಳ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ನೋಡುತ್ತಲೇ ಫೋಟೋವೊಂದನ್ನು ಜಾರಿಸಿ ಆ ಸಾಲಿನ ಪಕ್ಕಕ್ಕೆ ತಂದಳು. ಫೋಟೋದಲ್ಲಿದ್ದ ಸಾಲೂ ಅದೇ, ಮೇಜಿನ ಮೇಲಿದ್ದ ಸಾಲೂ ಅದೇ.

"ಸರ್ಜನ್ ಕೈ ಚಾಚಿದಾಗ ಇಕ್ಕಳ ಕಚ್ಚಿಸಿ ಕೊಡ್ಬೇಕು. ಅದು ಥಿಯೇಟರಿನವರ ಅಭ್ಯಾಸ," ಎಂದಳು ವಿಲ್ಮಾ. "ಇಲ್ಲಿ ಕೆಲಸ ಮಾಡೋರು ತೆರೆದಿಡ್ತಾರೆ."

"ಥಿಯೇಟರಲ್ಲಿ ಎಲ್ಲಾ ನರ್ಸುಗಳೂ ಹೀಗೇ ಮಾಡ್ತಾರೆ," ಎಂದಳು ರೋಸನ್ನಾ. ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟು ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. "ಇದೇನು ಸರ್ಕಸ್ಸಾ? ಬೇಕಂತಲೇ ಬೀಳಿಸಿದ್ರಾ?"

"ಬೇಕಂತಲೇ."

"ಇದನ್ನ ಪುರಾವೆ ಅಂತ ಕೋರ್ಟಲ್ಲಿ ತೋರಿಸ್ತೀರಾ? ನಗ್ತಾರೆ."

"ನಗ್ಲಿ. ಎಲ್ಲಾ ನರ್ಸುಗಳ ಹತ್ರ ಈ ಕೋಣೆಯ ಕೀಲಿ ಇಲ್ಲ. ನಿಮ್ಮ ಹತ್ರ ಇದೆ." ವಿಲ್ಮಾ ಮೇಜನ್ನು ಸುತ್ತಿ ಅವಳ ಎದುರಿಗೆ ಬಂದಳು. "ಗಂಟಿನ ಮೇಲೆ ಅಂಟಿಸೋ ಟೇಪಿನ ಗೆರೆಗಳು ಕಪ್ಪಾಗಿವೆ, ಅಂದ್ರೆ ಗಂಟು ಹಬೆಯಲ್ಲಿ ಕೂತು ಬಂದಿದೆ. ಆದ್ರೆ ಒಳಗೆ ಹೊಲಸು ಇದ್ರೆ, ಕೀಲು ಮುಚ್ಚಿದ್ರೆ, ಅದನ್ನ ಟೇಪು ಹೇಳಲ್ಲ. ನಿಮಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ. ಅವಸರ ಇತ್ತು. ಯಾರಿಗೋಸ್ಕರ ಅವಸರ?"

"ನಾನು ಏನೂ ಹೇಳಲ್ಲ."

"ಐಲಿ ಅಕ್ಷರ ಚೀಟಿ ಮೇಲೆ ಒತ್ತಿದ್ದು ನೀವು."

"ಆ ಮಿಷನ್ನಲ್ಲಿ ಬೇರೆ ಅಕ್ಷರ ಬರಲ್ಲ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂದು ಹೊಳೆಯಿತು.

"ರೋಸನ್ನಾ," ಎಂದರು ಡಾಕ್ಟರು, ಬಹಳ ನಿಧಾನವಾಗಿ. "ಇನ್ನೊಂದು ಮಾತು ಆಡಬೇಡ. ವಕೀಲರು ಬರೋವರೆಗೂ—"

"ನೀವು ಸುಮ್ನಿರಿ!" ರೋಸನ್ನಾ ತಿರುಗಿಬಿದ್ದಳು. "ನೀವು ಯಾವತ್ತಾದ್ರೂ ಒಂದು ಟ್ರೇ ಎಲ್ಲಿಂದ ಬಂತು ಅಂತ ಕೇಳಿದೀರಾ? ಕೈ ಚಾಚ್ತೀರಿ, ಕೈಗೆ ಬಂದು ಬೀಳುತ್ತೆ. ಅಷ್ಟೇ ನಿಮ್ಮ ಪ್ರಪಂಚ."

"ಅದೂ ನಿಜ," ಎಂದಳು ಐಲಿ.

"ನಿನ್ನ ಬಾಯಿ ಒಂದು ಕೊಳೆ ಸಿಂಕು. ಮೂವತ್ತು ವರ್ಷದಿಂದ ಕೇಳಿ ಸಾಕಾಗಿದೆ ನನಗೆ." ರೋಸನ್ನಾಳ ಉಸಿರು ಮೇಲಕ್ಕೆ ಏರಿತು. "ಹೌದು. ನಾನೇ ಕಟ್ಟಿದ್ದು. ನಿನ್ನ ಹೆಸರು ಬಂದಾಗ ಸುಮ್ನಿದ್ದೆ. ಬೇರೆಯವರ ಹೆಸರಾಗಿದ್ರೆ ಹೇಳ್ತಿದ್ದೆನೋ ಏನೋ. ನಿನ್ನ ಹೆಸರು ಅಂದಾಗ ಬಾಯಿ ತೆರೀಬೇಕು ಅಂತ ನನಗೆ ಅನ್ನಿಸ್ಲೇ ಇಲ್ಲ."

ಐಲಿ ಒಡೆದ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಮೊದಲಿಂದ ಹೇಳಿ," ಎಂದಳು ವಿಲ್ಮಾ.

"ಶುಕ್ರವಾರ ಸಂಜೆ ಡ್ಯೂಟಿ ಮುಗಿಸಿ ಹೊರಟಿದ್ದೆ. ಹಿಂದಿನ ಪಾರ್ಕಿಂಗಲ್ಲಿ ಕಾಯ್ತಾ ನಿಂತಿದ್ದ. ಎರಡು ಟ್ರೇ ಬೇಕು ರೋಸಿ, ಸೋಮವಾರ ಬೆಳಿಗ್ಗೆ ವಾಪಸ್ ಕೊಡ್ತೀನಿ, ಯಾಕೆ ಅಂತ ಮಾತ್ರ ಕೇಳ್ಬೇಡ ಅಂದ."

"ಕೊಟ್ರಾ?"

"ಅವನು ಕೇಳಿದ್ರೆ ಇಲ್ಲ ಅಂತ ಹೇಗೆ ಹೇಳ್ಲಿ? ನನ್ನ ಗಂಡ ಕುಡಿದು ಮಕ್ಕಳ ಮೇಲೆ ಕೈ ಎತ್ತಿದ ದಿನ ಬಂದು ಬಾಗಿಲಲ್ಲಿ ನಿಂತವನು ಅವನೊಬ್ಬನೇ." ಅವಳು ಶಿಲುಬೆಯನ್ನು ಬೆರಳಲ್ಲಿ ತಿರುವಿದಳು. "ಕೊಟ್ಟೆ. ಸೋಮವಾರ ಕತ್ತಲು ಹರಿಯೋ ಹೊತ್ತಿಗೆ ತಂದ. ಮೀನು ಹಾಕೋ ಐಸ್ ಪೆಟ್ಟಿಗೇಲಿ. ಮುಚ್ಚಳ ತೆಗೆದೆ. ರಕ್ತ ಒಣಗಿ ಕರಕಲಾಗಿತ್ತು. ಮಣ್ಣು ಮೆತ್ತಿತ್ತು. ನೆನೆಸೋಕೆ ಹೊತ್ತಿಲ್ಲ, ಇಕ್ಕಳದ ಕೀಲುಗಳಿಗೆ ಬ್ರಷ್ ಹಾಕೋಕೆ ಹೊತ್ತಿಲ್ಲ. ನಲ್ಲಿ ಕೆಳಗೆ ಹಿಡಿದೆ. ಕಣ್ಣಿಗೆ ಕಂಡದ್ದು ಹೋಯ್ತು. ಸುತ್ತಿದೆ, ಯಂತ್ರದ ಗುಂಡಿಗಳಲ್ಲಿ ಎಲ್ಲಕ್ಕಿಂತ ಬೇಗ ಮುಗಿಯೋದನ್ನ ಒತ್ತಿದೆ."

"ಸುತ್ತಿದ ಗಂಟಿಗೆ ಆ ಗುಂಡಿ ಅಲ್ಲ, ಹಬೆ ಒಳಗಿಳಿಯೋಕೆ ಹೊತ್ತು ಸಾಲಲ್ಲ," ಎಂದಳು ಐಲಿ. ಈ ಸಲ ಬೈಗುಳದ ದನಿ ಇರಲಿಲ್ಲ.

"ಗೊತ್ತು."

"ಬೇರೆ ಟ್ರೇ ಇರಲಿಲ್ವಾ?" ಎಂದಳು ವಿಲ್ಮಾ.

"ಈ ಆಸ್ಪತ್ರೇಲಿ ಹರ್ನಿಯಾಕ್ಕೆ ಆಗೋದು ಆ ಎರಡೇ. ಆಪರೇಷನ್ ಮುಂದಕ್ಕೆ ಹಾಕಿ ಅಂತ ಹೇಳ್ಬಹುದಿತ್ತು. ಯಾಕೆ ಅಂತ ಕೇಳ್ತಿದ್ರು. ಕೇಳಿದ್ರೆ ಅವನ ಹೆಸರು ಬರ್ತಿತ್ತು."

"ಯಾರ ಹೆಸರು?"

ಮೆಕ್‌ಅರ್ಡಲ್ ಮತ್ತೆ "ರೋಸನ್ನಾ" ಎಂದರು. ಅದು ಈಗ ಎಚ್ಚರಿಕೆಯಾಗಿರಲಿಲ್ಲ, ಮೊರೆಯಾಗಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ. ಸಾಲಾಗಿ ಮಲಗಿದ್ದ ಇಕ್ಕಳಗಳಲ್ಲಿ ಒಂದನ್ನು ಎತ್ತಿ, ಅದರ ಬಾಯಿ ಬಿಡಿಸಿ, ಮತ್ತೆ ಮೇಜಿನ ಮೇಲೆ ಇಟ್ಟಳು.

"ಲಾಯ್ಡ್," ಎಂದಳು.

ವಿಲ್ಮಾ ತಾನು ತಪ್ಪು ಕೇಳಿಸಿಕೊಂಡೆನೆಂದುಕೊಂಡಳು. "ಯಾರು?"

"ಲಾಯ್ಡ್ ಹ್ರಿಂಚುಕ್. ಪೆಟ್ಟಿಗೆ ನನ್ನ ಕೈಗೆ ಕೊಟ್ಟು, ಕಟ್ಟಡ ಸುತ್ತಿಕೊಂಡು ಮುಂಬಾಗಿಲಿಗೆ ಹೋದ. ಹೆಸರು ಹೇಳಿ, ಗೌನು ಹಾಕ್ಕೊಂಡ. ಆ ದಿನದ ಮೊದಲ ಪೇಷಂಟು ಅವನೇ."

ಡಾಕ್ಟರು ಗೋಡೆಗೆ ಒರಗಿದರು. ಆ ಟ್ರೇಯಿಂದ ಒಂದೊಂದೇ ಎತ್ತಿ ಲಾಯ್ಡ್‌ನ ಹೊಟ್ಟೆಯೊಳಗೆ ಇಳಿಸಿದ ಕೈ ಅವರದು.

"ತನ್ನ ಸಾವು ತಾನೇ ಪೆಟ್ಟಿಗೇಲಿ ಹೊತ್ಕೊಂಡು ಬಂದ," ಎಂದಳು ಐಲಿ.

ವಿಲ್ಮಾಳಿಗೆ ಸಿಟ್ಟು ಬಂದಿತ್ತು. ಎರಡು ವಾರ ಅವಳು ಹುಡುಕಿದ್ದು ಲಾಯ್ಡ್‌ನ ಶತ್ರುಗಳನ್ನು. ಗಿರಣಿಯ ಸಾಹೇಬರು, ಹಳೆಯ ಸ್ನೇಹಿತರು, ಹೆಂಡತಿಯ ಕಡೆಯವರು, ಎಲ್ಲರ ಬಾಗಿಲನ್ನೂ ತಟ್ಟಿ ಎಲ್ಲರಿಂದಲೂ ಉಗಿಸಿಕೊಂಡಿದ್ದಳು. ಲಾಯ್ಡ್ ಆ ಶನಿವಾರ ಭಾನುವಾರ ಏನು ಮಾಡುತ್ತಿದ್ದ ಎಂದು ಮಾತ್ರ ಒಬ್ಬರನ್ನೂ ಕೇಳಿರಲಿಲ್ಲ.

"ಕೀಲಿನಲ್ಲಿ ಸಿಕ್ಕ ರಕ್ತ ಲಾಯ್ಡ್‌ನದಲ್ಲ," ಎಂದಳು. "ಪ್ರಯೋಗಾಲಯ ಅಷ್ಟು ಹೇಳಿದೆ. ಮನುಷ್ಯರ ರಕ್ತ. ಯಾರದು?"

"ಹೇಳ್ಲಿಲ್ಲ."

"ಕೊಯ್ದವರು ಯಾರು? ಲಾಯ್ಡ್‌ಗೆ ಹೊಲಿಗೆ ಹಾಕೋಕೆ ಬರ್ತಿತ್ತಾ?"

"ಬೇಟೆಯಾಡಿದ ಮೂಸ್ ಜಿಂಕೆ ಸುಲಿಯೋಕೆ ಬರ್ತಿತ್ತು. ಬೇರೆ ಏನೂ ಬರ್ತಿರಲಿಲ್ಲ." ರೋಸನ್ನಾ ಮುಖ ಎತ್ತಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಟೇಬಲ್ ಮೇಲೆ ಮಲಗಿಸಿ, ಮತ್ತಿನ ಸೂಜಿ ಕೊಡೋ ಮುಂಚೆ, ನನ್ನ ಕೈ ಹಿಡ್ಕೊಂಡ. ಅವನ ಕೈ ತಣ್ಣಗಿತ್ತು. 'ನಾಳೆ ಸಂಜೆ ಒಳಗೆ ನನ್ನನ್ನ ಬಿಟ್ಬಿಡ್ತಾರಲ್ಲ ರೋಸಿ?' ಅಂತ ಕೇಳ್ದ. ಬಿಡ್ತಾರೆ ಅಂದೆ. 'ಸರಿ. ನಾನು ಹೋಗೋವರೆಗೂ ಅವಳು ತಡ್ಕೋಬೇಕು' ಅಂದ. ಅಷ್ಟರಲ್ಲಿ ಕಣ್ಣು ಮುಚ್ಚಿದ."

"ಅವಳು?"

"ಅವಳು ಅಂದ."

"ಇದನ್ನ ನೀವು ಎರಡು ವಾರ ಒಳಗೆ ಇಟ್ಕೊಂಡಿದ್ರಾ?" ವಿಲ್ಮಾಳ ದನಿ ಕೋಣೆಯ ಗೋಡೆಗೆ ಬಡಿಯಿತು. "ಎರಡು ವಾರ!"

"ಇನ್ಯಾರಾದ್ರೂ ಇದ್ದೇ ಇರ್ತಾರೆ ಅಂತ ಅಂದ್ಕೊಂಡೆ! ಲಾಯ್ಡ್ ಅಲ್ವಾ, ಯಾರಿಗಾದ್ರೂ ಹೇಳಿರ್ತಾನೆ, ಅವಳ ಜೊತೆ ಒಬ್ಬರನ್ನ ಬಿಟ್ಟು ಬಂದಿರ್ತಾನೆ ಅಂತ. ದಿನಾ ಬೆಳಿಗ್ಗೆ ಎದ್ದು ಅದನ್ನೇ ಹೇಳ್ಕೊಂಡೆ." ರೋಸನ್ನಾ ಕುರ್ಚಿಗಾಗಿ ಕೈ ಚಾಚಿದಳು, ಸಿಗಲಿಲ್ಲ, ಮೇಜಿನ ಅಂಚನ್ನೇ ಹಿಡಿದುಕೊಂಡಳು. "ಅವಳಿಗೋಸ್ಕರ ಯಾರಾದ್ರೂ ಬಂದು ಮತ್ತೆ ಟ್ರೇ ಕೇಳ್ತಾರೆ ಅಂತ ಕಾದೆ. ಯಾರೂ ಬರ್ಲಿಲ್ಲ."

ಮೇಲಿನ ಮಹಡಿಯಲ್ಲಿ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದ ಸದ್ದು ಚಾವಣಿಯ ಮೇಲೆ ಉರುಳಿ ಹೋಯಿತು. ನೆಲಮಾಳಿಗೆಯ ಸಣ್ಣ ಕಿಟಕಿಯ ಆಚೆ ಹಿಮ ಬೀಳತೊಡಗಿತ್ತು. ವರ್ಷದ ಮೊದಲ ದಪ್ಪ ಹಿಮ.

ಐಲಿ ಆ ಕಿಟಕಿಯನ್ನೇ ನೋಡುತ್ತಿದ್ದಳು.

"ಮೈ ಕೊಯ್ಸಿಕೊಂಡ ಹೆಂಗಸು," ಎಂದಳು, ಯಾರಿಗೂ ಅಲ್ಲದ ಹಾಗೆ. "ಜೌಗು ಕಾಡಲ್ಲಿ. ಎರಡು ವಾರದಿಂದ. ಅವಳಿಗೆ ಒಲೆ ಹಚ್ಚಿ ಕೊಡ್ತಿರೋದು ಯಾರು?"